ಮುಟ್ಟಬೇಡಿ ಎನ್ನುವ ಲ್ಯಾಬ್‌ನಲ್ಲಿ ಕಲಿಯುವುದು ಹೇಗೆ?

ನಮ್ಮ ಕಾಲೇಜಿನ ಕಂಪ್ಯೂಟರ್ ಲ್ಯಾಬ್‌ನ ಬಾಗಿಲಿಗೆ ಒಂದು ಕಾಗದ ಅಂಟಿಸಿದ್ದಾರೆ. ಚಪ್ಪಲಿ ಹೊರಗೆ ಬಿಡಿ. ಪೆನ್‌ಡ್ರೈವ್ ತರಬೇಡಿ. ಸೆಟ್ಟಿಂಗ್ಸ್ ಮುಟ್ಟಬೇಡಿ. ಯಾವುದೇ ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡಬೇಡಿ. ಎರಡು ವರ್ಷಗಳಿಂದ ಇದನ್ನು ಓದಿಕೊಂಡೇ ಒಳಗೆ ಹೋಗುತ್ತಿದ್ದೇನೆ. ಒಳಗೆ ಹೋದ ಮೇಲೆ ರೆಕಾರ್ಡ್ ಪುಸ್ತಕದಲ್ಲಿರುವ ಪೈಥಾನ್ ಪ್ರೋಗ್ರಾಮನ್ನು ಇದ್ದ ಹಾಗೆಯೇ ಟೈಪ್ ಮಾಡುತ್ತೇವೆ, ಔಟ್‌ಪುಟ್ ತೋರಿಸುತ್ತೇವೆ, ಸಹಿ ಹಾಕಿಸಿಕೊಳ್ಳುತ್ತೇವೆ. ಒಂದು ಕಂಪ್ಯೂಟರಿಗೆ ಮೂವರು ಕೂತರೆ ಕೀಬೋರ್ಡ್ ಒಬ್ಬರ ಕೈಯಲ್ಲಿರುತ್ತದೆ. ಆ ಒಬ್ಬರು ಹೆಚ್ಚಾಗಿ ಮನೆಯಲ್ಲಿ ಲ್ಯಾಪ್‌ಟಾಪ್ ಇರುವವರೇ. ಉಳಿದ ಇಬ್ಬರು ನೋಡುತ್ತಾರೆ.

ಈ ನೋಟೀಸನ್ನು ಹರಿದು ಹಾಕಿ ಎಂದು ನಾನು ಬರೆಯುತ್ತಿಲ್ಲ. ಅದನ್ನು ಅಂಟಿಸಿದ್ದಕ್ಕೆ ಕಾರಣ ಇದೆ ಎಂದು ನನಗೆ ಗೊತ್ತು. ಒಮ್ಮೆ ನಮ್ಮ ಸರ್ ಬಳಿ ಕೇಳಿದ್ದೆ: "ಸರ್, ನಾವೇ ಒಂದು ಸಲ ಲಿನಕ್ಸ್ ಇನ್‌ಸ್ಟಾಲ್ ಮಾಡಿ ನೋಡಬಹುದಾ?" ಅವರು ನಕ್ಕು, "ಮಾಡಬಹುದಮ್ಮ. ಕೆಟ್ಟರೆ ಮರುದಿನ ಬೆಳಗ್ಗೆ ಎಂಟು ಗಂಟೆಗೆ ಬಂದು ಸರಿ ಮಾಡುವುದು ಯಾರು ಹೇಳು? ನಾನೊಬ್ಬನೇ" ಎಂದರು. ಅವರ ಮಾತು ನ್ಯಾಯವಾದದ್ದೇ. ಒಂದು ಕಂಪ್ಯೂಟರ್ ಕೆಟ್ಟರೆ ಮುಂದಿನ ಬ್ಯಾಚಿನ ಮೂವರು ನಿಂತೇ ಇರಬೇಕಾಗುತ್ತದೆ.

ಆದರೆ ಇನ್ನೊಂದು ಕಡೆಯನ್ನೂ ನೋಡಬೇಕು. ಮನೆಯಲ್ಲಿ ಕಂಪ್ಯೂಟರ್ ಇರುವವರು ಅಲ್ಲಿ ಕೆಡಿಸಿ ಕಲಿಯುತ್ತಾರೆ. ಇಲ್ಲದವರಿಗೆ ಇರುವುದು ಈ ಲ್ಯಾಬ್ ಮಾತ್ರ, ಮತ್ತು ಇಲ್ಲಿ ಕೆಡಿಸುವ ಹಾಗಿಲ್ಲ. ಹಾಗಾದರೆ ಅವರು ಕಲಿಯುವುದು ಯಾವಾಗ? ಇದಕ್ಕೆ ಒಂದು ದಾರಿ ಇದೆ, ಅದಕ್ಕೆ ದುಡ್ಡೂ ಬೇಡ ಎಂಬುದೇ ಈ ಬರಹದ ವಿಷಯ. ಆ ದಾರಿ ನನಗೆ ಸಿಕ್ಕಿದ್ದು ಒಂದು ದೊಡ್ಡ ತಪ್ಪು ಮಾಡಿದ ಮೇಲೆ. ಆದ್ದರಿಂದ ಮೊದಲು ಆ ತಪ್ಪನ್ನೇ ಹೇಳುತ್ತೇನೆ.

ಅಣ್ಣನ ಲ್ಯಾಪ್‌ಟಾಪ್

ನಮ್ಮ ಮನೆಯಲ್ಲಿರುವುದು ಒಂದೇ ಲ್ಯಾಪ್‌ಟಾಪ್. ಮಾಮ ಸೌದಿಯಿಂದ ಬರುವಾಗ ತಂದು ಕೊಟ್ಟದ್ದು. ಅವರು ನಾಲ್ಕು ವರ್ಷ ಬಳಸಿದ ಹಳೆಯದು, 8 ಜಿಬಿ ರ್‍ಯಾಮ್. ಅದನ್ನು ಹೆಚ್ಚು ಬಳಸುವುದು ಅಣ್ಣ. ಅವನು ಕೆಲಸ ಮುಗಿಸಿ ಬಂದ ಮೇಲೆ ನೆರೆಹೊರೆಯವರಿಗೆ ಸ್ಕಾಲರ್‌ಶಿಪ್ ಅರ್ಜಿ, ರೇಷನ್ ಕಾರ್ಡ್ ತಿದ್ದುಪಡಿ ಇಂಥದ್ದೆಲ್ಲ ಆನ್‌ಲೈನ್‌ನಲ್ಲಿ ತುಂಬಿ ಕೊಡುತ್ತಾನೆ. ಹಣ ತೆಗೆದುಕೊಳ್ಳುವುದು ಕಡಿಮೆ, ಚಹಾ ಕುಡಿದು ಬರುವುದೇ ಹೆಚ್ಚು.

ಪ್ರಥಮ ಪಿಯುಸಿ ಪರೀಕ್ಷೆ ಮುಗಿದ ರಜೆಯಲ್ಲಿ ನನಗೆ ಲಿನಕ್ಸ್ ನೋಡಬೇಕೆಂದು ಆಸೆಯಾಯಿತು. ಕಾಸರಗೋಡಿನಲ್ಲಿ ಓದುವ ಮಾಮನ ಮಗಳು ಎಂಟನೆಯ ತರಗತಿಯಲ್ಲೇ ಲಿನಕ್ಸ್ ಬಳಸುತ್ತಾಳೆ. ಕೇರಳದ ಸರಕಾರಿ ಶಾಲೆಗಳಲ್ಲಿ ಐಟಿ ಪಾಠ ನಡೆಯುವುದೇ ಸ್ವತಂತ್ರ ತಂತ್ರಾಂಶದಲ್ಲಿ. ಅವಳಿಗೆ ಗೊತ್ತಿರುವುದು ನನಗೆ ಗೊತ್ತಿಲ್ಲವಲ್ಲ ಎಂಬ ಹಟವೂ ಇತ್ತು. ಉಬುಂಟುವನ್ನು ಪೆನ್‌ಡ್ರೈವ್‌ಗೆ ಹಾಕಿ, ಅಣ್ಣ ಇಲ್ಲದ ಹೊತ್ತಿನಲ್ಲಿ ಲ್ಯಾಪ್‌ಟಾಪ್ ಆನ್ ಮಾಡಿದೆ. ನಡುವೆ ಒಂದು ಪ್ರಶ್ನೆ ಬಂತು. ಇರುವ ವಿಂಡೋಸ್‌ನ ಪಕ್ಕದಲ್ಲಿ ಉಬುಂಟು ಹಾಕಬೇಕೋ, ಇಡೀ ಡಿಸ್ಕ್ ಅಳಿಸಿ ಹಾಕಬೇಕೋ? ಓದದೆ ಮುಂದೆ ಮುಂದೆ ಒತ್ತುತ್ತಾ ಹೋಗುವ ಅಭ್ಯಾಸ ನನ್ನದು. ಇಪ್ಪತ್ತು ನಿಮಿಷದಲ್ಲಿ ಉಬುಂಟು ಚೆನ್ನಾಗಿ ಬಂತು. ವಿಂಡೋಸ್ ಇರಲಿಲ್ಲ. ಅಣ್ಣನ ಫೈಲುಗಳೂ ಇರಲಿಲ್ಲ.

ಹೋದದ್ದು ಹನ್ನೊಂದು ಮನೆಯವರ ಕಾಗದಪತ್ರಗಳ ಸ್ಕ್ಯಾನ್. ಕೆಲವು ಅರ್ಜಿಗಳಿಗೆ ಕೊನೆಯ ದಿನ ಹತ್ತಿರವಿತ್ತು. ಮರುದಿನ ಅಣ್ಣನ ಜೊತೆ ಹನ್ನೊಂದು ಮನೆಗೂ ನಾನೇ ಹೋದೆ. ಪ್ರತಿ ಬಾಗಿಲಲ್ಲೂ ಅವನು "ನನ್ನ ಕೈಯಿಂದ ಫೈಲ್ ಹೋಯಿತು, ಇನ್ನೊಮ್ಮೆ ಆಧಾರ್ ಕೊಡಿ" ಎಂದ. ನನ್ನ ಹೆಸರು ಒಂದು ಮನೆಯಲ್ಲೂ ಎತ್ತಲಿಲ್ಲ. ಮನೆಗೆ ಬಂದ ಮೇಲೆ ಮಾತ್ರ ಒಂದು ಮಾತು ಹೇಳಿದ: "ಇನ್ನು ಇದನ್ನು ಮುಟ್ಟಬೇಡ." ಲ್ಯಾಬ್‌ನ ಬಾಗಿಲಲ್ಲಿರುವ ಮಾತು ಈಗ ಮನೆಯಲ್ಲೂ ಬಂತು. ತಪ್ಪು ನನ್ನದೇ ಆದ್ದರಿಂದ ನಾನು ಏನೂ ಹೇಳುವಂತಿರಲಿಲ್ಲ.

ವಿಂಡೋಸ್ ಮತ್ತೆ ಹಾಕಿಸಲು ಪೇಟೆಯ ಒಂದು ಅಂಗಡಿಯಲ್ಲಿ ಕೇಳಿದಾಗ, ಕಡಿಮೆ ದುಡ್ಡಿಗೆ ಕ್ರ್ಯಾಕ್ ಮಾಡಿದ ಪ್ರತಿ ಹಾಕಿ ಕೊಡುತ್ತೇವೆ ಎಂದರು. ಅಣ್ಣ ಬೇಡವೆಂದ. ಜನರ ಆಧಾರ್ ನಂಬರ್ ಇಟ್ಟುಕೊಳ್ಳುವ ಕಂಪ್ಯೂಟರಿನಲ್ಲಿ ಯಾರೋ ಬೀಗ ಮುರಿದು ಕೊಟ್ಟ ಸಾಫ್ಟ್‌ವೇರ್ ಬೇಡ ಎಂಬುದು ಅವನ ಲೆಕ್ಕ. ಅರ್ಜಿ ತುಂಬಲು ಫೈರ್‌ಫಾಕ್ಸ್ ಸಾಕಾಯಿತು, ಪತ್ರ ಬರೆಯಲು ಲಿಬ್ರೆ ಆಫೀಸ್ ಸಾಕಾಯಿತು, ಪ್ರಿಂಟರೂ ಕೆಲಸ ಮಾಡಿತು. ಹೀಗೆ ನನ್ನ ತಪ್ಪಿನಿಂದ ನಮ್ಮ ಮನೆಗೆ ಲಿನಕ್ಸ್ ಬಂದು ಉಳಿಯಿತು. ಅದನ್ನು ತಂದವಳಿಗೆ ಮಾತ್ರ ಮುಟ್ಟಲು ಅನುಮತಿ ಇರಲಿಲ್ಲ.

ಕಂಪ್ಯೂಟರಿನ ಒಳಗೊಂದು ಕಂಪ್ಯೂಟರ್

ಕೆಲವು ತಿಂಗಳ ನಂತರ ವರ್ಚುವಲ್ ಮೆಷೀನ್ ಬಗ್ಗೆ ಓದಿದೆ. ಸರಳವಾಗಿ ಹೇಳುವುದಾದರೆ ಅದು ಕಂಪ್ಯೂಟರಿನೊಳಗೆ ಓಡುವ ಇನ್ನೊಂದು ಕಂಪ್ಯೂಟರ್. ನಿಜವಾದ ಪ್ರೊಸೆಸರ್, ರ್‍ಯಾಮ್, ಡಿಸ್ಕ್‌ಗಳ ಒಂದು ಪಾಲನ್ನು ತೆಗೆದುಕೊಂಡು, ಒಳಗಿನ ವ್ಯವಸ್ಥೆಗೆ "ಇದೇ ನಿನ್ನ ಪೂರ್ತಿ ಕಂಪ್ಯೂಟರ್" ಎಂದು ತೋರಿಸುತ್ತದೆ. ಒಳಗಿನದಕ್ಕೆ ತಾನು ಒಂದು ಕಿಟಕಿಯೊಳಗೆ ಇದ್ದೇನೆ ಎಂಬುದೂ ಸಾಮಾನ್ಯವಾಗಿ ಅಡ್ಡಿಯಾಗುವುದಿಲ್ಲ. ಅದರ ಇಡೀ ಹಾರ್ಡ್ ಡಿಸ್ಕ್ ನಮ್ಮ ಕಂಪ್ಯೂಟರಿನಲ್ಲಿ ಒಂದು ದೊಡ್ಡ ಫೈಲ್ ಅಷ್ಟೆ. ಒಳಗೆ ಕೂತು "ಇಡೀ ಡಿಸ್ಕ್ ಅಳಿಸು" ಎಂದು ಒತ್ತಿದರೂ ಅಳಿಯುವುದು ಆ ಫೈಲಿನ ಒಳಗಿರುವುದು ಮಾತ್ರ. ಇದನ್ನು ಓದಿದಾಗ ನನಗೆ ಹನ್ನೊಂದು ಮನೆಗಳೂ ನೆನಪಾದವು.

ಇದೇನೂ ಹೊಸ ಸಂಗತಿಯಲ್ಲ. 1960ರ ದಶಕದಲ್ಲಿ ಅಮೆರಿಕದ ಕೇಂಬ್ರಿಜ್‌ನಲ್ಲಿದ್ದ ಐಬಿಎಂ ಕೇಂದ್ರದಲ್ಲಿ ಇದರ ಕೆಲಸ ಶುರುವಾಯಿತು. 1972ರಲ್ಲಿ ವಿಎಂ/370 ಎಂಬ ಹೆಸರಿನಲ್ಲಿ ಐಬಿಎಂ ಅದನ್ನು ಗಿರಾಕಿಗಳಿಗೆ ಕೊಟ್ಟಿತು. ಆಗ ಕಂಪ್ಯೂಟರ್ ಎಂದರೆ ಒಂದು ಕೋಣೆ ತುಂಬುವ ದುಬಾರಿ ಯಂತ್ರ. ಬಳಸುವವರು ಹಲವರು, ಯಂತ್ರ ಒಂದೇ. ಪ್ರತಿಯೊಬ್ಬರಿಗೂ ತಮ್ಮದೇ ಒಂದು ಯಂತ್ರ ಇದ್ದಂತೆ ಮಾಡಿಕೊಡುವುದು, ಒಬ್ಬರ ತಪ್ಪು ಇನ್ನೊಬ್ಬರಿಗೆ ತಟ್ಟದಂತೆ ನೋಡಿಕೊಳ್ಳುವುದು ಈ ಉಪಾಯದ ಉದ್ದೇಶವಾಗಿತ್ತು. ಯಂತ್ರ ಕಡಿಮೆ, ಜನ ಹೆಚ್ಚು. ನಮ್ಮ ಲ್ಯಾಬ್‌ನ ಕಷ್ಟವೂ ಅದೇ ಅಲ್ಲವೇ?

ಈಗ ಇದೇ ಕೆಲಸವನ್ನು ಮನೆಯ ಲ್ಯಾಪ್‌ಟಾಪೂ ಮಾಡುತ್ತದೆ. ಇಂಟೆಲ್ 2005ರಲ್ಲಿ, ಎಎಂಡಿ 2006ರಲ್ಲಿ ಇದಕ್ಕೆ ಬೇಕಾದ ಸೌಲಭ್ಯವನ್ನು ಪ್ರೊಸೆಸರಿನಲ್ಲೇ ಸೇರಿಸಿದವು. ಪಠ್ಯದಲ್ಲಿ ನಾವು ಓದುವ ಕ್ಲೌಡ್ ಕಂಪ್ಯೂಟಿಂಗ್ ನಿಂತಿರುವುದೂ ಇದರ ಮೇಲೆಯೇ. ಅಮೆಜಾನ್ 2006ರಲ್ಲಿ ಕಂಪ್ಯೂಟರ್ ಬಾಡಿಗೆಗೆ ಕೊಡಲು ಆರಂಭಿಸಿದಾಗ ಕೊಟ್ಟದ್ದು ಇಂಥ ವರ್ಚುವಲ್ ಯಂತ್ರಗಳನ್ನೇ. ಕ್ಲೌಡ್‌ನ ವ್ಯಾಖ್ಯೆಯನ್ನು ನಾವು ಬಾಯಿಪಾಠ ಮಾಡಿ ಬರೆಯುತ್ತೇವೆ. ಅದರ ಬುಡದಲ್ಲಿರುವುದನ್ನು ಒಂದು ಸಲವೂ ಕಣ್ಣಾರೆ ಕಂಡಿರುವುದಿಲ್ಲ.

ಇನ್‌ಸ್ಟಾಲ್ ಮಾಡಿದ ಕಥೆ

ಅಣ್ಣನಿಗೆ ಎಲ್ಲವನ್ನೂ ವಿವರಿಸಿದೆ. ಮೊದಲು ಅವನ ಫೈಲುಗಳನ್ನೆಲ್ಲ ಎರಡು ಪೆನ್‌ಡ್ರೈವ್‌ಗೆ ಕಾಪಿ ಮಾಡಿ ಅವನ ಕೈಗೇ ಕೊಟ್ಟೆ. ಆಮೇಲೆ ಅವನು ಒಪ್ಪಿದ, ಪಕ್ಕದಲ್ಲಿ ಕೂತು ನೋಡುತ್ತೇನೆ ಎಂಬ ಷರತ್ತಿನ ಮೇಲೆ.

ನಾನು ಆರಿಸಿಕೊಂಡದ್ದು ವರ್ಚುವಲ್‌ಬಾಕ್ಸ್. 2007ರಲ್ಲಿ ಇನ್ನೊಟೆಕ್ ಎಂಬ ಜರ್ಮನ್ ಕಂಪನಿ ಇದನ್ನು ಹೊರತಂದಿತು. 2008ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಆ ಕಂಪನಿಯನ್ನು ಕೊಂಡಿತು, 2010ರಲ್ಲಿ ಸನ್ ಕಂಪನಿಯನ್ನೇ ಒರಾಕಲ್ ಕೊಂಡಿತು. ಇದರ ಮೂಲ ಪ್ಯಾಕೇಜ್ ಸ್ವತಂತ್ರ ತಂತ್ರಾಂಶ. ದುಡ್ಡು ಕೊಡಬೇಕಾಗಿಲ್ಲ, ಕದಿಯಬೇಕಾಗಿಯೂ ಇಲ್ಲ. ಉಬುಂಟುವಿನಲ್ಲಿ ಟರ್ಮಿನಲ್ ತೆರೆದು ಎರಡು ಸಾಲು ಟೈಪ್ ಮಾಡಿದರೆ ಸಾಕು. ಮೊದಲು ಸುಡೋ ಆಪ್ಟ್ ಅಪ್‌ಡೇಟ್, ಆಮೇಲೆ ಸುಡೋ ಆಪ್ಟ್ ಇನ್‌ಸ್ಟಾಲ್ ವರ್ಚುವಲ್‌ಬಾಕ್ಸ್. ಸುಡೋ ಎಂದರೆ "ಈ ಕೆಲಸವನ್ನು ಯಜಮಾನನ ಅಧಿಕಾರದಲ್ಲಿ ಮಾಡು" ಎಂದು ಹೇಳಿದಂತೆ. ಆದ್ದರಿಂದಲೇ ಅದು ಪಾಸ್‌ವರ್ಡ್ ಕೇಳುತ್ತದೆ. ಅರ್ಥವಾಗದ ಸಾಲಿನ ಮುಂದೆ ಸುಡೋ ಹಾಕುವುದು ಓದದೆ ಸಹಿ ಹಾಕಿದಂತೆ. ಅದರ ಬೆಲೆ ಎಷ್ಟೆಂದು ನನಗೆ ಆಗಲೇ ಗೊತ್ತಿತ್ತು.

ಎರಡು ಸಾಲಿನ ಕೆಲಸ ಮುಗಿಯಲು ನನಗೆ ಎರಡು ಸಂಜೆ ಬೇಕಾಯಿತು. ಇನ್‌ಸ್ಟಾಲ್ ನಡುವೆ ಒಂದು ಪರದೆ ಬಂದು ಸೆಕ್ಯೂರ್ ಬೂಟ್ ಎಂದೇನೋ ಹೇಳಿ ಒಂದು ಪಾಸ್‌ವರ್ಡ್ ಇಡಲು ಕೇಳಿತು. ಇಟ್ಟೆ. ರೀಸ್ಟಾರ್ಟ್ ಮಾಡಿದಾಗ ನೀಲಿ ಪರದೆಯೊಂದು ಬಂದು ಹತ್ತು ಸೆಕೆಂಡ್ ಎಣಿಸಲು ಶುರುಮಾಡಿತು. ನೀಲಿ ಬಣ್ಣ ಕಂಡು ಇಬ್ಬರೂ ಗಾಬರಿಯಾಗಿ ಕೈಕಟ್ಟಿ ಕೂತೆವು. ಎಣಿಕೆ ಮುಗಿದು ಉಬುಂಟು ಎಂದಿನಂತೆ ಬಂತು. ವರ್ಚುವಲ್‌ಬಾಕ್ಸ್ ತೆರೆದು ಹೊಸ ಯಂತ್ರವೊಂದನ್ನು ಸ್ಟಾರ್ಟ್ ಮಾಡಿದರೆ, ಕರ್ನಲ್ ಡ್ರೈವರ್ ಇನ್‌ಸ್ಟಾಲ್ ಆಗಿಲ್ಲ, ಮೈನಸ್ 1908 ಎಂಬ ದೋಷ.

ಆ ರಾತ್ರಿ ಎಲ್ಲ ಬಿಟ್ಟುಬಿಡೋಣ ಅನ್ನಿಸಿತ್ತು. ಕೇಳಿದವರೆಲ್ಲ ಕೊಟ್ಟ ಸಲಹೆ ಒಂದೇ: "ಬಯೋಸ್‌ಗೆ ಹೋಗಿ ಸೆಕ್ಯೂರ್ ಬೂಟ್ ಆಫ್ ಮಾಡು." ಮರುದಿನ ಆ ದೋಷದ ಪೆಟ್ಟಿಗೆಯನ್ನು ಪೂರ್ತಿ ಓದಿದೆ, ಒಂದೊಂದೇ ಸಾಲು. ಉತ್ತರ ಅದರೊಳಗೇ ಇತ್ತು. ಸೆಕ್ಯೂರ್ ಬೂಟ್ ಆನ್ ಇದ್ದರೆ ಡ್ರೈವರಿನ ಭಾಗಗಳಿಗೆ ಸಹಿ ಬೇಕು ಎಂದು ಅದರಲ್ಲೇ ಬರೆದಿತ್ತು.

ವಿಷಯ ಇಷ್ಟು. ವರ್ಚುವಲ್‌ಬಾಕ್ಸ್ ಬರೀ ಒಂದು ಆ್ಯಪ್ ಅಲ್ಲ, ಲಿನಕ್ಸ್‌ನ ತಿರುಳಾದ ಕರ್ನಲ್‌ನೊಳಗೆ ತನ್ನ ಒಂದು ತುಂಡನ್ನು ಸೇರಿಸುತ್ತದೆ. ಸೆಕ್ಯೂರ್ ಬೂಟ್ ಗೇಟಿನ ಕಾವಲುಗಾರನಂತೆ. ಗುರುತಿನ ಚೀಟಿ ಇಲ್ಲದ ಯಾವುದನ್ನೂ ಅಲ್ಲಿಗೆ ಬಿಡುವುದಿಲ್ಲ. ನೀಲಿ ಪರದೆ ಕೇಳಿದ್ದೂ ಅದನ್ನೇ: "ಈ ಚೀಟಿಯನ್ನು ನೀನೇ ಕೊಟ್ಟದ್ದಾ? ಹೌದಾದರೆ ಪಾಸ್‌ವರ್ಡ್ ಹಾಕು." ನಾವು ಉತ್ತರ ಕೊಟ್ಟಿರಲಿಲ್ಲ. ಮೊಕ್ಯುಟಿಲ್ ಎಂಬ ಆದೇಶದಿಂದ ಅದೇ ಕೀಯನ್ನು ಇನ್ನೊಮ್ಮೆ ಸಲ್ಲಿಸಿ, ರೀಸ್ಟಾರ್ಟ್ ಮಾಡಿ, ಈ ಸಲ ಹತ್ತು ಸೆಕೆಂಡಿನೊಳಗೆ ಒಂದು ಕೀ ಒತ್ತಿ, ಎನ್‌ರೋಲ್ ಆರಿಸಿ ಪಾಸ್‌ವರ್ಡ್ ಹಾಕಿದೆ. ದೋಷ ಹೋಯಿತು. ಎಲ್ಲರೂ ಹೇಳಿದಂತೆ ಕಾವಲುಗಾರನನ್ನೇ ಮನೆಗೆ ಕಳುಹಿಸುವ ಅಗತ್ಯ ಇರಲಿಲ್ಲ. ಅವನಿಗೆ ಚೀಟಿ ತೋರಿಸಿದರೆ ಸಾಕಿತ್ತು.

ಕೂಡಲೇ ಇನ್ನೊಂದು ದೋಷ: ಬಯೋಸ್‌ನಲ್ಲಿ ವಿಟಿ-ಎಕ್ಸ್ ಆಫ್ ಇದೆ. ಇದು ಸುಲಭದ್ದು. ಮೊದಲೇ ಹೇಳಿದ ಪ್ರೊಸೆಸರ್ ಸೌಲಭ್ಯ ಅನೇಕ ಕಂಪ್ಯೂಟರುಗಳಲ್ಲಿ ಆಫ್ ಆಗಿಯೇ ಬರುತ್ತದೆ. ಬಯೋಸ್‌ಗೆ ಹೋಗಿ ವರ್ಚುವಲೈಸೇಷನ್ ಎಂಬುದನ್ನು ಹುಡುಕಿ ಆನ್ ಮಾಡಿದರೆ ಆಯಿತು.

ಆಮೇಲೆ ಒಳಗೆ ಹಾಕಲು ಲುಬುಂಟು ಬೇಕಿತ್ತು. ಉಬುಂಟುವಿನ ಹಗುರ ರೂಪ ಅದು. ಫೈಲ್ ಸುಮಾರು 3 ಜಿಬಿ, ನಮ್ಮ ಮೊಬೈಲ್ ಡೇಟಾ ದಿನಕ್ಕೆ 2 ಜಿಬಿ. ಅರ್ಧಕ್ಕೆ ನಿಂತದ್ದನ್ನು ನಿಂತಲ್ಲಿಂದಲೇ ಮುಂದುವರಿಸುವ ಆದೇಶ ಇರುವುದರಿಂದ ಎರಡು ರಾತ್ರಿಯಲ್ಲಿ ಇಳಿಸಿಕೊಂಡೆ. ಇಳಿದ ಫೈಲ್ ಸರಿಯಿದೆಯೇ ಎಂದು ಚೆಕ್‌ಸಮ್ ಹೋಲಿಸಿ ನೋಡಿದೆ. ಹೊಸ ಯಂತ್ರಕ್ಕೆ ಮೊದಲು ದುರಾಸೆಯಿಂದ 6 ಜಿಬಿ ರ್‍ಯಾಮ್ ಕೊಟ್ಟೆ. ಒಳಗಿನದೂ ಓಡಲಿಲ್ಲ, ಹೊರಗಿನದೂ ಓಡಲಿಲ್ಲ. ಇರುವುದೇ 8 ಆದಾಗ ಅತಿಥಿಗೆ 6 ಬಡಿಸಿದರೆ ಮನೆಯವರು ಉಪವಾಸ. 2 ಜಿಬಿಗೆ ಇಳಿಸಿದ ಮೇಲೆ ಇಬ್ಬರಿಗೂ ಸಾಕಾಯಿತು.

ಕೆಡಿಸಿದ್ದು, ಕಲಿತದ್ದು

ಎಲ್ಲ ಸರಿಯಾದ ಮೇಲೆ ಒಂದು ಸ್ನ್ಯಾಪ್‌ಶಾಟ್ ತೆಗೆದೆ. ಆ ಕ್ಷಣದಲ್ಲಿ ಒಳಗಿನ ಯಂತ್ರ ಹೇಗಿತ್ತೋ ಹಾಗೆಯೇ ನೆನಪಿಟ್ಟುಕೊಳ್ಳುವ ಸೌಲಭ್ಯ ಅದು. ಮುಂದೆ ಏನೇ ಆದರೂ ಆ ಕ್ಷಣಕ್ಕೆ ಮರಳಬಹುದು.

ಮೊದಲ ವಾರ ಭಯ ಹೋಗಿರಲಿಲ್ಲ, ಎಲ್ಲವನ್ನೂ ಮೆಲ್ಲಗೆ ಮುಟ್ಟುತ್ತಿದ್ದೆ. ಎರಡನೆಯ ವಾರ ಒಂದು ಯೋಚನೆ ಬಂತು. ಲುಬುಂಟುವಿನಲ್ಲಿ ಪೈಥಾನ್ ಮೊದಲೇ ಇರುತ್ತದೆ. ಅದನ್ನು ತೆಗೆದು ಹೊಸದಾಗಿ ನಾನೇ ಹಾಕಿ ಕಲಿಯೋಣ ಎಂದುಕೊಂಡೆ. ಸುಡೋ ಆಪ್ಟ್ ರಿಮೂವ್ ಪೈಥಾನ್3 ಎಂದು ಟೈಪ್ ಮಾಡಿದೆ. ಇದರ ಜೊತೆ ಇವೂ ಹೋಗುತ್ತವೆ ಎಂದು ಪರದೆ ತುಂಬ ಹೆಸರುಗಳು ಬಂದವು. ಈ ಸಲ ಓದಿದೆ, ಅರ್ಧವೂ ಅರ್ಥವಾಗಲಿಲ್ಲ, ಆದರೂ ಬೇಕೆಂದೇ ಹೌದು ಎಂದೆ. ರೀಸ್ಟಾರ್ಟ್ ಆದ ಮೇಲೆ ಡೆಸ್ಕ್‌ಟಾಪ್ ಬರಲಿಲ್ಲ. ಕಪ್ಪು ಪರದೆ, ಲಾಗಿನ್ ಎಂಬ ಒಂದು ಪದ.

ಪಕ್ಕದಲ್ಲಿ ಕೂತಿದ್ದ ಅಣ್ಣನ ಮುಖ ನೋಡಬೇಕಿತ್ತು. ನಾನು ಆ ಕಿಟಕಿಯನ್ನು ಸಣ್ಣದು ಮಾಡಿ, ಅವನ ಫೋಲ್ಡರ್ ತೆರೆದು ತೋರಿಸಿದೆ. ಎಲ್ಲ ಇದ್ದಲ್ಲೇ ಇತ್ತು. ಆಮೇಲೆ ಸ್ನ್ಯಾಪ್‌ಶಾಟ್ ಆರಿಸಿ ಮರಳಿಸು ಎಂದೆ. ಸ್ವಲ್ಪ ಹೊತ್ತಿನಲ್ಲಿ ಲುಬುಂಟು ಏನೂ ಆಗಿಲ್ಲವೆಂಬಂತೆ ಬಂತು. ಅಣ್ಣ ಎದ್ದು ಹೋಗುತ್ತಾ, "ನಾನು ಮಲಗುತ್ತೇನೆ, ನೀನು ಏನು ಬೇಕಾದರೂ ಮಾಡಿಕೋ" ಎಂದ. ಅಂದಿನಿಂದ ಅವನು ಕಾವಲು ಕೂತಿಲ್ಲ.

ಆ ಒಂದು ಕೆಡುಕಿನಿಂದ ನನಗೆ ತಿಳಿದದ್ದು ಯಾವ ರೆಕಾರ್ಡ್ ಪುಸ್ತಕದಲ್ಲೂ ಇಲ್ಲ. ಪೈಥಾನ್ ನಮಗೆ ಪರೀಕ್ಷೆಯ ವಿಷಯ. ಆದರೆ ಉಬುಂಟುವಿನ ಎಷ್ಟೋ ಒಳಗಿನ ಉಪಕರಣಗಳು ಪೈಥಾನ್‌ನಲ್ಲೇ ಬರೆದವು. ಅದನ್ನು ಕಿತ್ತರೆ ಅದನ್ನು ನೆಚ್ಚಿಕೊಂಡದ್ದೆಲ್ಲ ಜೊತೆಗೇ ಹೋಗುತ್ತದೆ. ಒಂದು ಪ್ಯಾಕೇಜ್ ಇನ್ನೊಂದನ್ನು ಅವಲಂಬಿಸುವುದು ಎಂದರೇನು ಎಂದು ಅವತ್ತು ತಿಳಿಯಿತು. ಅಲ್ಲಿಂದ ಮುಂದೆ ಮೈಎಸ್‌ಕ್ಯುಎಲ್ ಅನ್ನು ನಾನೇ ಹಾಕಿದೆ, ಪಾಸ್‌ವರ್ಡ್ ಮರೆತು ಹೊರಗೆ ನಿಂತೆ, ಒಳಗೆ ಹೋಗುವ ದಾರಿ ಹುಡುಕಿದೆ. ಲ್ಯಾಬ್‌ನಲ್ಲಿ ಎಲ್ಲವೂ ಸಿದ್ಧವಾಗಿಯೇ ಇರುತ್ತದೆ, ನಾವು ಸೆಲೆಕ್ಟ್ ಎಂದು ಬರೆಯುವುದಷ್ಟೆ. ಮನೆಯಲ್ಲಿ ಅದನ್ನು ಸಿದ್ಧಮಾಡುವ ಕೆಲಸ ನನ್ನದಾಯಿತು.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಸ್ನ್ಯಾಪ್‌ಶಾಟ್ ಬ್ಯಾಕಪ್ ಅಲ್ಲ. ಲ್ಯಾಪ್‌ಟಾಪಿನ ಡಿಸ್ಕೇ ಹೋದರೆ ಅದೂ ಹೋಗುತ್ತದೆ. ಹೊರಗಿನ ಫೋಲ್ಡರನ್ನು ಒಳಗಿನ ಯಂತ್ರದ ಜೊತೆ ಹಂಚಿಕೊಂಡಿದ್ದರೆ, ಒಳಗಿನಿಂದ ಅಳಿಸಿದ್ದು ಹೊರಗೂ ಅಳಿಯುತ್ತದೆ. ಆ ಬಾಗಿಲನ್ನು ನಾನು ತೆರೆದೇ ಇಲ್ಲ.

ಲ್ಯಾಬ್‌ಗೆ ನನ್ನ ಕೋರಿಕೆ

ಈಗ ಮೊದಲಿನ ಮಾತಿಗೆ ಬರುತ್ತೇನೆ. ನಮ್ಮ ಲ್ಯಾಬ್‌ನ ಕಂಪ್ಯೂಟರುಗಳಲ್ಲಿ, ಎಲ್ಲದರಲ್ಲೂ ಅಲ್ಲದಿದ್ದರೂ ಕೆಲವದರಲ್ಲಿ, ವರ್ಚುವಲ್‌ಬಾಕ್ಸ್ ಹಾಕಿ ಒಳಗೊಂದು ಲಿನಕ್ಸ್ ಇಡಬೇಕು. ಅದರ ಒಂದು ಸ್ನ್ಯಾಪ್‌ಶಾಟ್ ಇರಬೇಕು. ವಿದ್ಯಾರ್ಥಿಗಳು ಅದರೊಳಗೆ ಏನನ್ನು ಬೇಕಾದರೂ ಇನ್‌ಸ್ಟಾಲ್ ಮಾಡಲಿ, ತೆಗೆಯಲಿ, ಕೆಡಿಸಲಿ. ಪೀರಿಯಡ್ ಮುಗಿದಾಗ ಹಿಂದಿನ ಸ್ಥಿತಿಗೆ ಮರಳಿಸಿ ಹೋಗಲಿ. ಬಾಗಿಲಿನ ನೋಟೀಸ್ ಹಾಗೆಯೇ ಇರಲಿ, "ವರ್ಚುವಲ್ ಯಂತ್ರದ ಒಳಗೆ ಈ ನಿಯಮ ಇಲ್ಲ" ಎಂಬ ಒಂದು ಸಾಲು ಸೇರಲಿ.

ಇದಕ್ಕೆ ಬರುವ ಆಕ್ಷೇಪಗಳನ್ನೂ ಯೋಚಿಸಿದ್ದೇನೆ.

ನಮ್ಮ ಕಂಪ್ಯೂಟರುಗಳು ಹಳೆಯವು ಎನ್ನಬಹುದು. ನಿಜ, ಕೆಲವದರಲ್ಲಿ ರ್‍ಯಾಮ್ ಸಾಲದು. ಆದರೆ ಡೆಸ್ಕ್‌ಟಾಪ್ ಇಲ್ಲದ, ಟರ್ಮಿನಲ್ ಮಾತ್ರ ಇರುವ ಲಿನಕ್ಸ್‌ಗೆ 1 ಜಿಬಿ ಕೊಟ್ಟರೂ ನಡೆಯುತ್ತದೆ. ಆದೇಶಗಳನ್ನು ಕಲಿಯಲು ಅದೇ ಒಳ್ಳೆಯದು. ಎಲ್ಲ ಯಂತ್ರಗಳೂ ಬೇಕಿಲ್ಲ, ನಾಲ್ಕೈದರಿಂದ ಶುರುಮಾಡಬಹುದು.

ಮಕ್ಕಳು ದುರುಪಯೋಗ ಮಾಡುತ್ತಾರೆ ಎನ್ನಬಹುದು. ಒಳಗಿನ ಯಂತ್ರದ ನೆಟ್‌ವರ್ಕನ್ನು ಪೂರ್ತಿ ಕಡಿದು ಹಾಕುವ ಆಯ್ಕೆ ಸೆಟ್ಟಿಂಗ್ಸ್‌ನಲ್ಲೇ ಇದೆ. ಹೊರಗಿನ ಕಂಪ್ಯೂಟರಿನ ಪಾಸ್‌ವರ್ಡ್ ಸರ್ ಬಳಿಯೇ ಇರಲಿ.

ಲೈಸೆನ್ಸ್ ತೊಂದರೆ ಬರುತ್ತದೆ ಎನ್ನಬಹುದು. ಒಳಗೆ ಲಿನಕ್ಸ್ ಹಾಕಿದರೆ ಆ ತೊಂದರೆ ಇಲ್ಲ. ವಿಂಡೋಸ್ ಹಾಕುವುದಾದರೆ ಅದಕ್ಕೆ ಬೇರೆ ಲೈಸೆನ್ಸ್ ನೋಡಿಕೊಳ್ಳಬೇಕು. ವರ್ಚುವಲ್‌ಬಾಕ್ಸ್‌ನ ಎಕ್ಸ್‌ಟೆನ್ಷನ್ ಪ್ಯಾಕ್ ಎಂಬ ಹೆಚ್ಚುವರಿ ಭಾಗಕ್ಕೆ ಬೇರೆಯೇ ಷರತ್ತುಗಳಿವೆ. ನಮ್ಮ ಕೆಲಸಕ್ಕೆ ಅದು ಬೇಕಾಗಿಲ್ಲ, ಹಾಕದಿದ್ದರೆ ಆಯಿತು.

ಪರೀಕ್ಷೆಗೆ ಇದರಿಂದ ಏನು ಲಾಭ ಎಂಬುದು ದೊಡ್ಡ ಆಕ್ಷೇಪ. ಪ್ರಾಯೋಗಿಕ ಪರೀಕ್ಷೆಯ 30 ಅಂಕಗಳು ರೆಕಾರ್ಡ್ ಪುಸ್ತಕದ ಪ್ರೋಗ್ರಾಮುಗಳನ್ನು ಕಲಿತರೂ ಬರುತ್ತವೆ, ಒಪ್ಪುತ್ತೇನೆ. ಆದರೆ ಪರೀಕ್ಷೆಯ ದಿನ ಪ್ರೋಗ್ರಾಂ ಓಡದೆ ಕೆಂಪು ಅಕ್ಷರದಲ್ಲಿ ದೋಷ ಬಂದಾಗ ನಮ್ಮಲ್ಲಿ ಎಷ್ಟು ಜನ ಅದನ್ನು ಓದುತ್ತೇವೆ? ಹೆಚ್ಚಿನವರು ಕೈಯೆತ್ತಿ "ಸರ್" ಎನ್ನುತ್ತೇವೆ. ದೋಷ ಕಂಡರೆ ಹೆದರಬೇಕು ಎಂದೇ ಎರಡು ವರ್ಷ ಕಲಿತಿರುತ್ತೇವೆ. ತಪ್ಪು ಮಾಡಿದರೂ ನಷ್ಟವಿಲ್ಲ ಎಂಬ ಜಾಗದಲ್ಲಿ ಹತ್ತು ಸಲ ಆ ಸಂದೇಶಗಳನ್ನು ಕಂಡವರು ಹನ್ನೊಂದನೆಯ ಸಲ ಅದನ್ನು ಓದುತ್ತಾರೆ. ಮೈನಸ್ 1908ರಿಂದ ನಾನು ಕಲಿತದ್ದು ಇದನ್ನೇ.

ಸಮಯ ಇಲ್ಲ ಎನ್ನಬಹುದು. ಶನಿವಾರ ಮಧ್ಯಾಹ್ನ ಲ್ಯಾಬ್ ಖಾಲಿ ಇರುತ್ತದೆ. ತಿಂಗಳಿಗೆ ಎರಡು ಶನಿವಾರ ಒಂದು ಗಂಟೆ ಸಾಕು. ಆ ಗಂಟೆಯಲ್ಲಿ ಮನೆಯಲ್ಲಿ ಕಂಪ್ಯೂಟರ್ ಇಲ್ಲದವರಿಗೆ ಮೊದಲ ಅವಕಾಶ ಸಿಗಲಿ, ಕೀಬೋರ್ಡ್ ಅವರ ಕೈಯಲ್ಲೇ ಇರಲಿ. ಮನೆಯಲ್ಲಿ ಇರುವವರು, ನಾನೂ ಸೇರಿ, ಪಕ್ಕದಲ್ಲಿ ಕೂತು ನೋಡೋಣ. ಎರಡು ವರ್ಷ ಅವರು ನೋಡಿದ್ದಾರೆ.

ಮರುದಿನ ಬೆಳಗ್ಗೆ ಎಂಟು ಗಂಟೆಗೆ ಸರಿ ಮಾಡುವವರು ಯಾರು ಎಂಬ ಸರ್ ಪ್ರಶ್ನೆಗೆ ಈಗ ಉತ್ತರ ಕೊಡಬಲ್ಲೆ. ಸರ್, ಒಳಗೆ ಕೆಟ್ಟದ್ದನ್ನು ಕೆಡಿಸಿದವರೇ ಸರಿ ಮಾಡಿ ಹೋಗುತ್ತಾರೆ. ಅದಕ್ಕೆ ಬೇಕಾಗುವುದು ಒಂದೆರಡು ನಿಮಿಷ. ಒಂದು ಕಂಪ್ಯೂಟರಿನಲ್ಲಿ ಮೊದಲು ಹಾಕಿ ನೋಡಲು ಅನುಮತಿ ಕೊಟ್ಟರೆ, ಮುಂದಿನ ಶನಿವಾರ ನಾನು ಮತ್ತು ಇಬ್ಬರು ಗೆಳತಿಯರು ಬಂದು ನಿಮ್ಮ ಎದುರಿಗೇ ಹಾಕಿ ಕೊಡುತ್ತೇವೆ. ಬಯೋಸ್‌ನಲ್ಲಿ ಏನು ಆನ್ ಮಾಡಬೇಕು, ನೀಲಿ ಪರದೆ ಬಂದಾಗ ಏನು ಒತ್ತಬೇಕು ಎಂಬುದನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲೇ ಬರೆದಿಟ್ಟಿದ್ದೇನೆ. ಹಾಕುವ ಮೊದಲು ಆ ಕಂಪ್ಯೂಟರಿನ ಫೈಲುಗಳನ್ನು ಪೆನ್‌ಡ್ರೈವ್‌ಗೆ ಕಾಪಿ ಮಾಡಿಕೊಳ್ಳಲು ಮರೆಯುವುದಿಲ್ಲ. ಅದಕ್ಕೆ ಮಾತ್ರ ಪೆನ್‌ಡ್ರೈವ್ ತರಲು ಅನುಮತಿ ಬೇಕು.

— ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗದ ವಿದ್ಯಾರ್ಥಿನಿ